ಕಂಬಕ್ಕಂಟಿದ ಪರದೇಶಿಗಳು

ಮುಳುಗುಗಾರನ ಅಕ್ಕನ ಗಂಡನೇ ಬಂದರಿನ ಅಧಿಕಾರಿ. ಜೆಟ್ಟಿಯ ಕಂಬಗಳಿಗೆ ಅಂಟಿರುವ ಕಪ್ಪೆಚಿಪ್ಪುಗಳೆಲ್ಲ ಹಡಗಿನ ತಳ ಹಿಡಿದು ಬಂದ ಪರದೇಶಿಗಳೆಂದು ಯಾರೋ ಅವನ ಕಿವಿಯಲ್ಲಿ ಊದಿದ್ದೇ ತಡ, ಭಾವನಿಗೆ ದೇಶಾಭಿಮಾನ ಉಕ್ಕಿತು.

“ಒಂದನ್ನೂ ಬಿಡದೆ ಕೆರೆದು ಚೀಲಕ್ಕೆ ತುಂಬು. ಬಂದ ಊರಿಗೇ ವಾಪಸ್ ಕಳಿಸೋಣ,” ಎಂದ.

ಮುಳುಗುಗಾರನಿಗೆ ಮೈಯೆಲ್ಲ ಉರಿಯಿತು. ಮದುವೆಯಾದ ಹೊಸತರಲ್ಲಿ ಎರಡು ದಿನ ಇದ್ದು ಹೋಗಲು ಬಂದ ಈ ಮನೆ ಅಳಿಯ ಅವನ ಕೋಣೆಯಲ್ಲೇ ಬೇರು ಬಿಟ್ಟಿದ್ದ. ಇವನನ್ನು ಕೆರೆದು ತೆಗೆಯುವ ಉಳಿ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಆದರೂ ನೀರಿಗಿಳಿದು ಕಂಬಗಳನ್ನು ಬೋಳು ಮಾಡಿದ. ಚೀಲಗಳು ಹಡಗೇರಿದವು.

ಅದೇ ಹಡಗು ಮರಳುವಾಗ ಅಷ್ಟೇ ಚೀಲಗಳನ್ನು ಹೊತ್ತು ತಂದಿತು. ಆ ಬಂದರಿನವರು ತಮ್ಮ ಕಂಬಗಳಿಂದ ಕೆರೆದು ತೆಗೆದ, ನಮ್ಮ ಕಡೆಯ ಕಪ್ಪೆಚಿಪ್ಪುಗಳು ಅವು. “ನಿಮ್ಮವರನ್ನು ನೀವೇ ಇಟ್ಟುಕೊಳ್ಳಿ,” ಎಂದು ಕ್ಯಾಪ್ಟನ್ನನ ಬಾಯಲ್ಲಿ ಹೇಳಿಕಳಿಸಿದ್ದರು. ಭಾವ ಹಿಗ್ಗಿ ಹೀರೇಕಾಯಿಯಾದ. ಬ್ಯಾಂಡು ಬಾರಿಸಿ ಬರಮಾಡಿಕೊಂಡು, ಒಂದೊಂದನ್ನೂ ದಾರದಿಂದ ಕಂಬಕ್ಕೆ ಕಟ್ಟಿಸಿದ.

ಮರುದಿನ ಮುಳುಗುಗಾರ ಇಳಿದು ನೋಡಿದರೆ ಕಂಬದಲ್ಲಿ ಬರೀ ದಾರ ತೇಲುತ್ತಿತ್ತು. ಅಷ್ಟೂ ಚಿಪ್ಪುಗಳು ಹೊರಡಲು ನಿಂತ ಅದೇ ಹಡಗಿನ ತಳಕ್ಕೆ ಅಂಟಿ ಕೂತಿದ್ದವು.

“ಏನಂತೆ ಅವಕ್ಕೆ?” ಎಂದ ಭಾವ.

“ಇಲ್ಲಿನ ನೀರು ಒಗ್ಗಲ್ವಂತೆ ಭಾವ. ತಮ್ಮ ಮನೆಗೆ ಹೋಗ್ತಾವಂತೆ.”

ಭಾವ ಮುಳುಗುಗಾರನ ಒದ್ದೆ ಹೆಗಲ ಮೇಲೆ ಕೈಯಿಟ್ಟ.

“ಹೋಗ್ಲಿ ಬಿಡು. ನಡಿ, ನಾವೂ ನಮ್ಮನೆಗೆ ಹೋಗೋಣ. ಊಟದ ಹೊತ್ತಾಯ್ತು.”