ಬೆಳಕು ಕೊಡು

ಲೈಟ್ ಹಿಡಿಯುವವಳ ಕೈ ಮೊದಲು ಜುಮ್ಮೆನ್ನುತ್ತದೆ. ಆಮೇಲೆ ಭುಜ ಉರಿಯುತ್ತದೆ. ಇನ್ನೂ ಸ್ವಲ್ಪ ಹೊತ್ತಾದರೆ ಆ ಕೈ ಬೇರೆ ಯಾರದೋ ಅನ್ನಿಸುತ್ತದೆ. ಆಗಲೂ ಇಳಿಸುವಂತಿಲ್ಲ. ಮದುಮಗಳ ಮುಖದ ಮೇಲೆ ನೆರಳು ಬಿದ್ದರೆ ಕ್ಯಾಮೆರಾದವನು ಎಲ್ಲರೆದುರಿಗೇ ಬೈಯುತ್ತಾನೆ. ಲೈಟಿನ ತಗಡು ಕಾದ ಬಾಣಲೆಯ ಹಾಗೆ. ಅವಳ ಬಲಗೈ ಮಣಿಕಟ್ಟಿನ ತುಂಬ ಸುಟ್ಟ ಕಲೆ.

ಬೀದಿಯವರು ಅವಳಿಗೆ ಕಂಬ ಅಂತ ಹೆಸರಿಟ್ಟಿದ್ದರು. ದೀಪದ ಕಂಬ. "ಬಂದಳಪ್ಪ ಕಂಬ, ಇನ್ನು ಕತ್ತಲೆ ಭಯ ಇಲ್ಲ" ಅಂತ ಲಾಂಡ್ರಿಯ ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅದು ವಿಡಿಯೋ ಕ್ಯಾಸೆಟ್ಟಿನ ಕಾಲ. ಕ್ಯಾಸೆಟ್ಟು ಓಡಿದಷ್ಟೂ ಸ್ಟುಡಿಯೋ ಮಾಲೀಕನ ಹೊಟ್ಟೆ ಉರಿಯುತ್ತಿತ್ತು. ಅದಕ್ಕೊಂದು ಉಪಾಯ ಮಾಡಿದ್ದ. ಕ್ಯಾಮೆರಾದವನು "ಲೈಟ್ ಕೊಡು" ಅಂದರೆ ಕ್ಯಾಮೆರಾ ಓಡುತ್ತಿದೆ ಅಂತ ಅರ್ಥ. "ಬೆಳಕು ಕೊಡು" ಅಂದರೆ ಓಡುತ್ತಿಲ್ಲ. ಸುಮ್ಮನೆ ದೀಪ ಹಾಕಬೇಕು, ಎದುರಿಗೆ ನಿಂತವರು ನಕ್ಕು ಹೋಗಬೇಕು. ಪಾತ್ರೆ ತೊಳೆಯುವವರು, ಬಾಗಿಲು ಕಾಯುವವರು, ಬಡ ನೆಂಟರು ಇವರಿಗೆಲ್ಲ ಬೆಳಕು. ಕ್ಯಾಮೆರಾದ ಮೂತಿಯ ಪಕ್ಕ ಒಂದು ಕೆಂಪು ಚುಕ್ಕಿ ಇರುತ್ತದೆ. ಅದು ಉರಿದರೆ ನಿಜ, ಉರಿಯದಿದ್ದರೆ ಸುಳ್ಳು. ಅಷ್ಟು ನೋಡುವ ವ್ಯವಧಾನ ಯಾರಿಗಿರುತ್ತದೆ?

"ಪಾಪ ಅಲ್ವಾ ಅಣ್ಣ?" ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಕ್ಯಾಮೆರಾದವನನ್ನು ಕೇಳಿದ್ದಳು.

"ಎಂಥ ಪಾಪ? ಅವರೇನು ಕ್ಯಾಸೆಟ್ ನೋಡೋಕೆ ಬರ್ತಾರಾ? ಖುಷಿಯಾಗಿ ಹೋಗ್ತಾರಲ್ಲ, ಅಷ್ಟೇ."

ಹೌದಲ್ಲ ಅಂದುಕೊಂಡಿದ್ದಳು. ಹೊಟ್ಟೆಪಾಡು ಹಾಗೆ ಎಷ್ಟೋ ವಿಷಯಕ್ಕೆ ಹೌದಲ್ಲ ಅನ್ನಿಸುತ್ತದೆ.

ಅವಳ ಚಿಕ್ಕಮ್ಮ ಲಾಂಡ್ರಿಯಲ್ಲಿ ಒಗೆಯುವವಳು. ಊರಿನ ದೊಡ್ಡ ಹಾಲ್‌ಗಳ ಮೇಜಿನ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಅವರಿವರ ಮದುವೆಯ ಸಾರಿನ ಕಲೆ ತೊಳೆದು ತೊಳೆದು ಆ ಹೆಂಗಸರ ಉಗುರುಗಳನ್ನು ಸೋಡಾ ತಿಂದುಹಾಕಿತ್ತು. ಚಿಕ್ಕಮ್ಮನ ಮಗಳ ಮದುವೆ ಗೊತ್ತಾದಾಗ ಅವರೆಲ್ಲ ಒಂದು ಮಾತಿಗೆ ಬಂದರು. ಒಬ್ಬೊಬ್ಬರು ಒಂದೊಂದು ಪಾತ್ರೆ ಕೊಡುವ ಬದಲು ಎಲ್ಲ ಸೇರಿ ವಿಡಿಯೋ ಮಾಡಿಸೋಣ. ರಜೆಯ ದಿನಗಳಲ್ಲೂ ದುಡಿದರು.

"ನಮ್ಮ ಕಂಬ ಇರೋ ಸ್ಟುಡಿಯೋನೇ ಆಗಲಿ. ನಮ್ಮೋಳು ಇದ್ರೆ ಮೋಸ ಇರಲ್ಲ" ಅಂದವಳು ಇಸ್ತ್ರಿಯಕ್ಕ. ಅವರಲ್ಲೆಲ್ಲ ಹಿರಿಯಳು. ಇಸ್ತ್ರಿಯ ಹಬೆಯಲ್ಲೇ ತಲೆ ಬೆಳ್ಳಗಾದವಳು.

ಸ್ಟುಡಿಯೋದಲ್ಲಿ ಮಾಲೀಕ ಅವರನ್ನು ಸೋಫಾದ ಮೇಲೆ ಕೂರಿಸಿದ. ಅವರು ತುದಿಯಲ್ಲಿ ಕೂತರು.

"ನಮ್ಮದು ಪ್ರೊಫೆಷನಲ್ ಕೆಲಸ ಕಣಮ್ಮ. ಯಾರ ಮುಖವೂ ಬಿಟ್ಟುಹೋಗಲ್ಲ."

"ಯಾರ ಮುಖವೂ ಅಂದ್ರೆ, ನನ್ನಂಥೋಳದ್ದೂ ಬರುತ್ತಾ ಸ್ವಾಮಿ?" ಇಸ್ತ್ರಿಯಕ್ಕ ಕೇಳಿದಳು.

"ನಿಮ್ಮದೇ ಮೊದಲು."

ವಾಪಸು ಬರುವ ದಾರಿಯಲ್ಲಿ ಇಸ್ತ್ರಿಯಕ್ಕ ಲೈಟಿನ ಹುಡುಗಿಯ ತೋಳು ಹಿಡಿದುಕೊಂಡಳು. "ನಮ್ಮೆಜಮಾನ್ರು ತೀರಿಕೊಂಡಾಗ ಒಂದು ಫೋಟೋನೂ ಇರಲಿಲ್ಲ ಕಣೇ. ಈಗ ಅವರ ಮುಖ ಅರ್ಧ ನೆನಪಿರೋದು, ಇನ್ನರ್ಧ ನಾನೇ ಮಾಡ್ಕೊಂಡಿರೋದು. ನನ್ನ ಮಗಳಿಗೆ ಹಂಗಾಗಬಾರದು. ನಾನು ನಗೋದು ಒಂದ್ಸಲ ಬಂದುಬಿಡಲಿ, ಸಾಕು."

ಮದುವೆಯ ದಿನ ಕ್ಯಾಮೆರಾದವನು ಬಂದದ್ದೇ ತಡವಾಗಿ. ಸಂಜೆಗೆ ಇನ್ನೊಂದು ದೊಡ್ಡ ಮದುವೆ ಇತ್ತು. ಮದುಮಕ್ಕಳನ್ನು ತೆಗೆದ, ಹೂವನ್ನು ತೆಗೆದ, ಗಡಿಯಾರ ನೋಡಿಕೊಂಡ. ಅಷ್ಟರಲ್ಲಿ ಲಾಂಡ್ರಿಯವರು ಪಾಳಿ ಮುಗಿಸಿ ಓಡಿಬಂದರು. ಬಾಗಿಲಲ್ಲೇ ಒಬ್ಬರ ಕೂದಲನ್ನು ಇನ್ನೊಬ್ಬರು ಸರಿಮಾಡಿ ಸಾಲಾಗಿ ನಿಂತರು. ಇಸ್ತ್ರಿಯಕ್ಕ ನಡುವೆ.

"ಏ ಕಂಬ, ನನ್ನ ಸುಕ್ಕೆಲ್ಲ ಇಸ್ತ್ರಿ ಮಾಡ್ದಂಗೆ ಕಾಣಬೇಕು, ಹಂಗೆ ಹಿಡಿ ಲೈಟು!"

"ನಿನ್ನ ಸುಕ್ಕಿಗೆ ಸೂರ್ಯನೇ ಬೇಕು ಬಿಡಕ್ಕ" ಅಂದಳು ಪಕ್ಕದವಳು. ಎಲ್ಲರೂ ಗೊಳ್ಳೆಂದರು. ಇಸ್ತ್ರಿಯಕ್ಕ ಬಾಯಿ ತುಂಬ ನಕ್ಕಳು.

ಕ್ಯಾಮೆರಾದವನು ಹೆಗಲಿಗೆ ಕ್ಯಾಮೆರಾ ಏರಿಸಿ ಹೇಳಿದ. "ಬೆಳಕು ಕೊಡು."

ಅವಳು ಅವನ ಮುಖ ನೋಡಿದಳು. ಅವನು ಹುಬ್ಬು ಹಾರಿಸಿದ. ಕೆಂಪು ಚುಕ್ಕಿ ಉರಿಯಲಿಲ್ಲ. ಅವಳ ಕೈ ತಾನಾಗಿಯೇ ಮೇಲೆ ಹೋಯಿತು. ಅಭ್ಯಾಸವಾದ ಕೈ.

ಕ್ಯಾಸೆಟ್ಟು ಬಂದಾಗ ಚಿಕ್ಕಮ್ಮ ಟಿವಿ, ಪ್ಲೇಯರ್ ಬಾಡಿಗೆಗೆ ತಂದಳು. ಒಂದೇ ಕೋಣೆ. ಕಿಟಕಿಯಲ್ಲೂ ಜನ. ಇಸ್ತ್ರಿಯಕ್ಕ ಮಗಳನ್ನೂ ಕರೆತಂದು ಮುಂದೆ ಕೂತಳು. ಹಾಡು ಬಂತು, ಹೂವು ಬಂತು, ಮದುಮಕ್ಕಳು ಬಂದರು.

"ಮುಂದೆ ಬರ್ತೀವಿ ಇರು" ಅಂದಳು ಇಸ್ತ್ರಿಯಕ್ಕ ಮಗಳಿಗೆ.

ಮತ್ತೆ ಹೂವು ಬಂತು. ಅದೇ ಹೂವು. ಆಮೇಲೆ ತೆರೆ ತುಂಬ ಇರುವೆ ಹರಿದಾಡಿದ ಹಾಗೆ ಚುಕ್ಕಿಗಳು.

ಯಾರೂ ಏಳಲಿಲ್ಲ. ಚುಕ್ಕಿಗಳ ಹಿಂದಿನಿಂದ ಇನ್ನೂ ಬರಬಹುದೇನೋ ಅಂತ ನೋಡುತ್ತಲೇ ಇದ್ದರು.

"ನಮ್ಮ ಬಟ್ಟೆ ಮಾಸಿತ್ತೇನೋ" ಅಂದಳು ಒಬ್ಬಳು ಕೊನೆಗೆ.

"ಲಾಂಡ್ರಿಯೋರ ಬಟ್ಟೆ ಮಾಸಿತ್ತಂತೆ, ಕೇಳ್ರೇ!" ಇನ್ನೊಬ್ಬಳು ನಗಿಸಲು ನೋಡಿದಳು. ಯಾರೂ ನಗಲಿಲ್ಲ.

"ನಂದೇ ತಪ್ಪು" ಅಂದಳು ಇಸ್ತ್ರಿಯಕ್ಕ. "ಲೈಟು ಬಿದ್ದಾಗ ಕಣ್ಣು ಮುಚ್ಚಿಬಿಟ್ಟೆ. ನನ್ನಿಂದ ಎಲ್ಲರದ್ದೂ ಹೋಯ್ತು."

ಚಿಕ್ಕಮ್ಮ ಲೈಟಿನ ಹುಡುಗಿಯ ಕೈಗೆ ಊಟದ ತಟ್ಟೆ ಕೊಟ್ಟಳು. "ನೀನು ತಿನ್ನು ಮಗಳೇ. ನೀನೇನು ಮಾಡ್ತೀಯ, ಲೈಟ್ ಚೆನ್ನಾಗೇ ಹಿಡಿದಿದ್ದೆ."

ಅವಳು ತಿಂದಳು. ತಟ್ಟೆ ತೊಳೆದಿಟ್ಟು ಬಂದಳು. ಅವತ್ತಿನಿಂದ ಇಸ್ತ್ರಿಯಕ್ಕ ಎದುರಾದರೆ ಬೀದಿ ದಾಟಿ ಆ ಬದಿಗೆ ಹೋಗುತ್ತಿದ್ದಳು.

ಬೀದಿ ದಾಟಬಹುದು. ಹಾಲ್‌ನಲ್ಲಿ ಎಲ್ಲಿಗೆ ದಾಟುವುದು? ದೊಡ್ಡ ವ್ಯಾಪಾರಿಯ ಮಗನ ಮದುವೆ. ಊಟದ ಹೊತ್ತು ಹತ್ತಿರವಾಗಿತ್ತು. ಲಾಂಡ್ರಿಯ ಹೆಂಗಸರು ಗಂಟುಗಳನ್ನು ಹೊತ್ತು ಬಂದು ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸುತ್ತಿದ್ದರು. ಇಸ್ತ್ರಿಯಕ್ಕ ಲೈಟನ್ನು ನೋಡಿದಳು. ಕೈಯನ್ನು ಮೈಗೆ ಒರೆಸಿಕೊಂಡು ಹತ್ತಿರ ಬಂದಳು.

"ಏ ಕಂಬ. ನಿಮ್ಮಣ್ಣನ್ನ ಒಂದ್ಸಲ ಕೇಳು. ಈ ಸಲ ಕಣ್ಣು ಮುಚ್ಚಲ್ಲ. ಮನೇಲಿ ಅಭ್ಯಾಸ ಮಾಡಿದೀನಿ, ದೀಪ ನೋಡ್ಕೊಂಡು."

ಕ್ಯಾಮೆರಾದವನಿಗೆ ಕೇಳಿಸಿತು. "ಅದಕ್ಕೇನಮ್ಮ, ನಿಂತ್ಕೊಳ್ಳಿ." ಹುಡುಗಿಯ ಕಡೆ ತಿರುಗಿದ. "ಬೆಳಕು ಕೊಡು."

ಲೈಟ್ ಹತ್ತಿತು. ಇಸ್ತ್ರಿಯಕ್ಕ ಕಣ್ಣು ಅಗಲಿಸಿ ನಿಂತಿದ್ದಳು. ರೆಪ್ಪೆ ಬಡಿಯದ ಹಾಗೆ ಹಟ ಮಾಡುತ್ತಿದ್ದ ಆ ಕಣ್ಣುಗಳಲ್ಲಿ ಆಗಲೇ ನೀರು.

ಹುಡುಗಿ ಲೈಟ್ ಆರಿಸಿದಳು.

"ಏಯ್, ಬೆಳಕು ಕೊಡು ಅಂದೆ."

"ಲೈಟ್ ಕೊಡು ಅನ್ನಣ್ಣ. ಹಾಕ್ತೀನಿ."

"ತಲೆ ಕೆಟ್ಟಿದೆಯಾ ನಿಂಗೆ?"

"ಬೆಳಕು ಅಂದ್ರೆ ಕ್ಯಾಮೆರಾ ಓಡಲ್ಲ ಅಕ್ಕ" ಹುಡುಗಿ ಇಸ್ತ್ರಿಯಕ್ಕನ ಕಡೆ ತಿರುಗಿ ಹೇಳಿದಳು. "ಬರೀ ದೀಪ. ನಿಮ್ಮಂಥೋರಿಗೆ ಅಂತ ಇಟ್ಟಿರೋದು."

ಇಸ್ತ್ರಿಯಕ್ಕ ಕಣ್ಣು ಒರೆಸಿಕೊಂಡಳು. "ಅವತ್ತು ಏನಂದಿದ್ದ?"

"ಬೆಳಕು."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಚಿಕ್ಕಮ್ಮನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಇಸ್ತ್ರಿಯಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹತ್ತಿರದ ಮೇಜಿಗೆ ಹೋಗಿ, ತಾನೇ ಹಾಸಿದ್ದ ಬಟ್ಟೆಯ ತುದಿ ಹಿಡಿದು ಎಳೆದಳು. ಚಿಕ್ಕಮ್ಮ ಮುಂದಿನ ಮೇಜಿನದು ಎಳೆದಳು. ಉಳಿದವರೂ ಎಳೆದರು. ಗೀರು ಬಿದ್ದ, ಮೊಳೆ ಎದ್ದ ಹಲಗೆಗಳು ಇಡೀ ಹಾಲ್‌ಗೆ ಕಾಣಿಸಿದವು.

ಸ್ಟುಡಿಯೋ ಮಾಲೀಕ ಓಡಿಬಂದ. ಅವನ ಹಿಂದೆಯೇ ವ್ಯಾಪಾರಿ.

"ಏನಮ್ಮ ಇದು? ಊಟಕ್ಕೆ ಜನ ಕೂರೋ ಹೊತ್ತು!" ಅಂದ ಮಾಲೀಕ.

"ನಮ್ಮನ್ನ ತೆಗೀಲಿ ಸ್ವಾಮಿ" ಅಂದಳು ಇಸ್ತ್ರಿಯಕ್ಕ. "ಆಮೇಲೆ ಹಾಸ್ತೀವಿ. ಯಾರ ಮುಖವೂ ಬಿಟ್ಟುಹೋಗಲ್ಲ ಅಂದಿದ್ರಲ್ಲ."

"ತೆಗೆದು ಸಾಯೋ!" ವ್ಯಾಪಾರಿ ಕ್ಯಾಮೆರಾದವನ ಮೇಲೆ ಹಾರಿಬಿದ್ದ. "ನೆಂಟರು ಬರ್ತಿದಾರೆ!"

ಮಾಲೀಕ ಹುಡುಗಿಯ ಕಿವಿಯ ಹತ್ತಿರ ಬಗ್ಗಿದ. "ನಾಳೆಯಿಂದ ಬರಬೇಡ."

"ಇವತ್ತು ಇದೀನಲ್ಲ" ಅಂದಳು.

ಹೆಂಗಸರು ಬಟ್ಟೆಯ ರಾಶಿಯನ್ನು ಎದೆಗೆ ಅವುಚಿಕೊಂಡೇ ಸಾಲಾಗಿ ನಿಂತರು. ಕ್ಯಾಮೆರಾದವನು ಹಲ್ಲು ಕಚ್ಚಿ ಹೇಳಿದ. "ಲೈಟ್ ಕೊಡು."

ಅವಳು ಲೈಟ್ ಹಾಕುವ ಮೊದಲು ಕೆಂಪು ಚುಕ್ಕಿ ನೋಡಿದಳು. ಉರಿಯುತ್ತಿತ್ತು. ಕೈ ಎತ್ತಿದಳು. ಬೆಳಕು ಅವರ ಮುಖದ ಮೇಲೆ ಬಿತ್ತು. ಅವರು ಯಾರೂ ಕ್ಯಾಮೆರಾ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದರು.

"ಸ್ವಲ್ಪ ನಗಿ ಅಮ್ಮ" ಅಂದ ಕ್ಯಾಮೆರಾದವನು.

ಇಸ್ತ್ರಿಯಕ್ಕ ನಗಲಿಲ್ಲ.

"ಅವತ್ತು ನಕ್ಕಿದ್ದೆ" ಅಂದಳು. "ನೀವು ತೆಗೀಲಿಲ್ಲ."

ಕ್ಯಾಸೆಟ್ಟು ಓಡುತ್ತಿತ್ತು. ವ್ಯಾಪಾರಿಯ ಮಗನ ಮದುವೆಯಲ್ಲಿ ಆ ಮಾತೂ ಸೇರಿತು.