ಸಾಹೇಬರ ಗಂಟಲು, ಊರಿನ ಬೀದಿ

ಇನಾಯತ್ ಉಲ್ಲಾ ಸಾಹೇಬರು ನೇರವಾಗಿ ನಡೆದದ್ದನ್ನು ಹುಣಸೆಕುಂಟೆಯಲ್ಲಿ ಯಾರೂ ಕಂಡಿಲ್ಲ. ಎಡಭುಜವನ್ನು ಮುಂದೆ ಚಾಚಿ, ಬಲಗೈಯನ್ನು ಕೋಟಿನ ಜೇಬಿನ ಮೇಲೆ ಭದ್ರವಾಗಿ ಒತ್ತಿಕೊಂಡು, ಮಗ್ಗುಲಿನಿಂದ ಗಾಳಿಯನ್ನು ಸೀಳುತ್ತ ಸಾಗುವ ಆ ವಿಲಕ್ಷಣ ಗತಿ ಶಿವಾಜಿನಗರ ಅವರಿಗೆ ಕೊಟ್ಟ ಶಾಶ್ವತ ಬಳುವಳಿ. ಅರ್ಧ ಆಯುಷ್ಯವನ್ನು ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳ ಜನಜಂಗುಳಿಯಲ್ಲಿ ಕಳೆದ ಮನುಷ್ಯನಿಗೆ ಎದುರಿನವರಿಗೆ ದಾರಿ ಬಿಡುವುದೂ ತನ್ನ ಜೇಬು ತಾನು ಕಾಯುವುದೂ ಉಸಿರಾಟದಷ್ಟೇ ಸಹಜವಾಗಿಬಿಡುತ್ತದೆ, ಒಪ್ಪೋಣ. ಆದರೆ ಕೆ.ಆರ್.ಪುರ ದಾಟಿ ಇನ್ನೂ ಅಷ್ಟು ದೂರ ಬಂದ ಮೇಲೆ ಸಿಗುವ ನಮ್ಮ ಹುಣಸೆಕುಂಟೆಯ ಬೀದಿಯಲ್ಲಿ, ಮಟಮಟ ಮಧ್ಯಾಹ್ನ ಒಂದು ಎಮ್ಮೆಯ ಹೊರತು ಇನ್ನೊಂದು ಜೀವ ಕಾಣದಿದ್ದಾಗಲೂ ಅವರು ಹೀಗೆಯೇ ನಡೆಯುತ್ತಿದ್ದರು. ಆ ಎಮ್ಮೆಗೂ "ಜರಾ ಬಾಜೂ, ಅಮ್ಮಾ" ಎಂದು ಮರ್ಯಾದೆಯಿಂದ ಹೇಳಿ, ಅದು ಸರಿಯುವವರೆಗೆ ನಿಂತು, ಆಮೇಲೆ ಮುಂದುವರಿಯುತ್ತಿದ್ದರು.

ಕೋಟಿನದು ಬೇರೆಯೇ ಕಥೆ. ಒಂದು ಕಾಲಕ್ಕೆ ಕಂದು ಬಣ್ಣದ್ದಾಗಿದ್ದಿರಬಹುದಾದ, ಈಗ ಯಾವ ಬಣ್ಣವೆಂದು ನಿಷ್ಕರ್ಷಿಸಲು ಬಾರದ ಆ ಉಣ್ಣೆಯ ಕೋಟನ್ನು ಯುಗಾದಿಯ ಬಿಸಿಲಿನಲ್ಲೂ ಕಳಚದ ಹಟ ಅವರದು. ಅದರ ಜೇಬಿನಲ್ಲಿ ಒಂದು ಅಳತೆಯ ಟೇಪು ಸದಾ ಇರುತ್ತಿತ್ತು, ಸದಾ ನಿರುಪಯೋಗಿಯಾಗಿಯೇ ಇರುತ್ತಿತ್ತು. ಏಕೆಂದರೆ ಸಾಹೇಬರ ಲೋಕದಲ್ಲಿ ಸಮಸ್ತ ಪದಾರ್ಥಗಳ ಮಾನವೂ ಬಾಗಿಲು. ಸೈಟು ಎಷ್ಟಗಲ ಎಂದರೆ ಹತ್ತು ಬಾಗಿಲು ಎನ್ನುವರು. ಪಂಚಾಯಿತಿ ಕಟ್ಟೆ ಎಷ್ಟುದ್ದ ಎಂದರೆ ನಾಲ್ಕು ಬಾಗಿಲು, ಒಂದು ಕಿಟಕಿ ಎನ್ನುವರು. ಅವರು ಮಾಡಿದ್ದೇ ಆ ವ್ಯಾಪಾರ. ಕಂಟೋನ್ಮೆಂಟಿನ ಹಳೆಯ ಬಂಗಲೆಗಳು ಒಂದೊಂದಾಗಿ ನೆಲಕ್ಕುರುಳುವಾಗ ಅವುಗಳ ತೇಗದ ಬಾಗಿಲು, ಕಿಟಕಿ, ಕಂಬಗಳನ್ನು ಕೊಂಡುತಂದು ಮಾರುತ್ತಿದ್ದರು.

"ನನ್ನಷ್ಟು ಬಂಗಲೆ ಸತ್ತಿದ್ದನ್ನ ಯಾರೂ ನೋಡಿಲ್ಲ ಸ್ವಾಮಿ, ಎಲ್ಲಕ್ಕೂ ನಾನೇ ಹೆಗಲು ಕೊಟ್ಟಿದೀನಿ" ಎಂದು ಅವರು ಹೇಳುವಾಗ ದನಿಯಲ್ಲಿ ಹೆಮ್ಮೆ ಎಷ್ಟು, ಸಂಕಟ ಎಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗುತ್ತಿರಲಿಲ್ಲ. ಅಂಗಡಿಯನ್ನು ಮಗ ಅಬ್ರಾರನಿಗೆ ಒಪ್ಪಿಸಿ, ಮಾರಾಟವಾಗದೆ ಉಳಿದ ಬಾಗಿಲುಗಳನ್ನು ಲಾರಿಗೆ ಹೇರಿಕೊಂಡು ಬಂದು ಅವರು ನಮ್ಮೂರಿನಲ್ಲಿ ಕಟ್ಟಿಸಿದ ಮನೆಯಲ್ಲಿ ಒಂದು ಕಿಟಕಿ ಇನ್ನೊಂದರ ಹಾಗಿಲ್ಲ. ಯಾವುದೋ ದೊರೆಯ ನಾಟ್ಯಶಾಲೆಗೆ ಇದ್ದಿರಬಹುದಾದ, ಬಣ್ಣದ ಗಾಜಿನ ಎರಡು ರೆಕ್ಕೆಯ ಮಹಾದ್ವಾರವು ಬಚ್ಚಲುಮನೆಗೆ ಬಿದ್ದಿದೆ. "ಮೈಗೆ ಸೋಪು ಹಚ್ಕೊಂಡ್ರೆ ಒಂದು ಕೈ ಕೆಂಪು, ಒಂದು ಕೈ ಹಸಿರು ಕಾಣುತ್ತೆ, ಏನು ಮನೇನೋ ಏನು ಕರ್ಮಾನೋ" ಎಂದು ಅವರ ಬೇಗಂ ಫಹ್ಮಿದಾ ಬಂದವರೆದುರೆಲ್ಲ ದೂರುತ್ತಿದ್ದರು.

ಹೊರಗಿನಿಂದ ಬಂದ ಈ ಮನುಷ್ಯನಿಗೆ ಊರನ್ನು ಊರಾಗಿಯೇ ಉಳಿಸುವ ಹುಚ್ಚು ಹಿಡಿದದ್ದು, ಹುಟ್ಟಾ ಊರಿನವರಿಗೆ ಅದನ್ನು ಆದಷ್ಟು ಬೇಗ ಪಟ್ಟಣ ಮಾಡುವ ಆತುರ ಹತ್ತಿದ್ದು, ಇವೆರಡೂ ಒಂದೇ ಕಾಲಕ್ಕೆ ಸಂಭವಿಸಿದ್ದು ನಮ್ಮ ಪುಣ್ಯ. ಪಕ್ಕದ ಮನೆಯವರು ಹುಂಜವನ್ನು ಮಾರಿದರೆಂದು ಸಾಹೇಬರು ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದರು. ಊರ ಬೀದಿಗೆ 'ಲೇಕ್ ವ್ಯೂ ಮೇನ್ ರೋಡ್' ಎಂಬ ಫಲಕ ಹಾಕಿಸಲು ಹುಡುಗರು ಹೊರಟಾಗಲಂತೂ ಕೋಟು ಕೊಡವಿಕೊಂಡು ಬಂದೇಬಿಟ್ಟರು. "ಪೈಲೆ ಸುನೋ, ಆಮೇಲೆ ಬೈಯಿರಿ" ಎಂಬುದು ಅವರ ಮಾತಿನ ಖಾಯಂ ಪೀಠಿಕೆ; ಮೊದಲು ಕೇಳಿ ಎಂಬ ಆ ಪ್ರಾರ್ಥನೆಯಿಲ್ಲದೆ ಅವರ ಬಾಯಿಂದ ವಾಕ್ಯವೇ ಹೊರಡದು. "ಪೈಲೆ ಸುನೋ, ಆಮೇಲೆ ಬೈಯಿರಿ. ಲೇಕ್ ವ್ಯೂ ಅಂತ ಬೋರ್ಡ್ ಬಿದ್ದ ಜಾಗದಲ್ಲಿ ಲೇಕೂ ಉಳಿಯಲ್ಲ, ವ್ಯೂನೂ ಉಳಿಯಲ್ಲ. ಮಹದೇವಪುರದ ಕಡೆ ಹೋಗಿ ನೋಡ್ಕೊಂಡ್ಬನ್ನಿ, ಮಳೆ ಬಂದ್ರೆ ಅಲ್ಲಿ ಲೇಕೇ ಮನೆ ನೋಡೋಕೆ ಬರುತ್ತೆ!" ಹುಡುಗರು ನಕ್ಕು ಸುಮ್ಮನಾದರು, ಫಲಕ ಇವತ್ತಿಗೂ ಯಾರದೋ ಕೊಟ್ಟಿಗೆಯಲ್ಲಿ ಕೋಳಿಗೂಡಿಗೆ ಮುಚ್ಚಳವಾಗಿದೆ.

ಸಾಹೇಬರ ಗಂಟಲಿನ ವಿಷಯ ಹೇಳದೆ ಈ ಚಿತ್ರ ಪೂರ್ತಿಯಾಗದು. ಅವರ ಜಗಲಿಗೆ ಸರಿಯಾಗಿ ಎದುರು, ಬೀದಿಯಾಚೆ, ಪಿಳ್ಳಪ್ಪನವರ ಜಗಲಿ. ಪಿಳ್ಳಪ್ಪ ಊರಿನ ಹಿರಿಯರು, ಬೇಲಿಜಗಳದಿಂದ ಗಂಡಹೆಂಡಿರ ಮುನಿಸಿನವರೆಗೆ ಎಲ್ಲಕ್ಕೂ ನ್ಯಾಯ ಹೇಳುವವರು. ದಿನವೂ ಹೊತ್ತು ಇಳಿದಾಗ ಇಬ್ಬರೂ ತಂತಮ್ಮ ಜಗಲಿಯ ಮೇಲೆ ಪ್ರತಿಷ್ಠಾಪಿತರಾದರೆಂದರೆ ಸಾಹೇಬರ ಮೊದಲ ಪ್ರಶ್ನೆ ಆಕಾಶವನ್ನು ಮುಟ್ಟುತ್ತಿತ್ತು: "ಪಿಳ್ಳಪ್ಪನೋರೇ! ಇವತ್ತು ಏನ್ ಸಾರು?" ಈ ಕಡೆ ಕೆರೆ ಏರಿ, ಆ ಕಡೆ ಹಾಲಿನ ಡೇರಿ, ನಡುವಿನ ಸಕಲ ಚರಾಚರಗಳಿಗೂ ಆ ಪ್ರಶ್ನೆ ತಲುಪುತ್ತಿತ್ತು. "ಉಪ್ಪೆಸ್ರು ಸಾಬ್ರೇ" ಎಂದು ಪಿಳ್ಳಪ್ಪ ಉತ್ತರಿಸಿದ ಮೇಲೆ ಲೋಕವ್ಯವಹಾರ ಶುರು. ಆ ಬೀದಿಯಲ್ಲಿ ಬಾಡಿಗೆಗಿದ್ದ ನನಗೆ ಪಿಳ್ಳಪ್ಪನವರ ಮನೆಯ ಅಡುಗೆ ನನ್ನ ಮನೆಯದಕ್ಕಿಂತ ಮೊದಲು ಗೊತ್ತಾಗುತ್ತಿತ್ತು. ಸಂತೆಯಲ್ಲಿ ಕೂಗಿ ಕೂಗಿ ಹಾಳಾದ ಗಂಟಲು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ನಿಜ ಸಂಗತಿ ಬೇರೆಯಿತ್ತು. ಅದನ್ನು ಸಾಹೇಬರು ಬೇಗಂಗೂ ಹೇಳಿರಲಿಲ್ಲ. ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಸಾಹೇಬರು, ಆಗಿನ್ನೂ ಎಲ್ಲರಂಥ ದನಿಯವರು, "ನಮ್ಮ ಭಾವಮೈದ ಮೆಟ್ಟಿಲಿಂದ ಬಿದ್ದು ಸೊಂಟ ಮುರ್ಕೊಂಡ" ಎಂದು ದುಃಖದಿಂದ ಹೇಳಿದರು. ಪಿಳ್ಳಪ್ಪ ಮುಖವರಳಿಸಿ, "ಭೋ ಸಂತೋಸ ಸಾಬ್ರೇ, ಸಿಹಿ ಎಲ್ಲಿ?" ಎಂದರು. ಸಾಹೇಬರು ಒಂದು ಕ್ಷಣ ಕೆಂಡವಾದರು, ಮರುಕ್ಷಣ ಅವರಿಗೆ ಅರ್ಥವಾಯಿತು. ಮನುಷ್ಯನಿಗೆ ಕಿವಿ ಹೋಗುತ್ತಿದೆ, ತುಟಿ ನೋಡಿ, ಮುಖ ನೋಡಿ, ಅಂದಾಜಿನ ಮೇಲೆ ಸಂಸಾರ ತೂಗಿಸುತ್ತಿದ್ದಾನೆ. ನ್ಯಾಯ ಹೇಳುವವನಿಗೆ ಕಿವಿಯೇ ಇಲ್ಲವೆಂದು ತಿಳಿದರೆ ನಾಳೆಯಿಂದ ಆ ಜಗಲಿಯ ಮುಂದೆ ಯಾರು ಬಂದು ನಿಲ್ಲುತ್ತಾರೆ? ಹಾಗೆ ನೋಡಿದರೆ ಪಿಳ್ಳಪ್ಪ ಈಚೆಗೆ ಎರಡೂ ಕಡೆಯವರ ವಾದವನ್ನು ಕಣ್ಣು ಮುಚ್ಚಿ ಆಲಿಸಿ, "ಇಬ್ರುದೂ ತಪ್ಪೈತೆ, ಮನೆಗೋಗಿ ಉಂಡು ಮಲಿಕ್ಕಳ್ಳಿ" ಎಂಬ ಒಂದೇ ತೀರ್ಪು ಕೊಡುತ್ತಿದ್ದರು, ಮತ್ತು ಅದು ಪ್ರತಿಸಲವೂ ಸರಿಯಾಗಿಯೇ ಇರುತ್ತಿತ್ತು. ಅವತ್ತಿನಿಂದ ಸಾಹೇಬರು ದಿನಕ್ಕಿಷ್ಟು ದಿನಕ್ಕಿಷ್ಟು ದನಿ ಏರಿಸುತ್ತ, ಯಾರಿಗೂ ಅನುಮಾನ ಬಾರದ ಹಾಗೆ ಗೆಳೆಯನಿಗಾಗಿ ತಾವೇ ಬಾಯಿಬಡುಕರಾದರು.

ಇಂಥ ದಿನಗಳಲ್ಲಿ ಪಂಚಾಯಿತಿಯು ಹುಣಸೆಕುಂಟೆಯ ಮುಂದಿನ ಇಪ್ಪತ್ತು ವರ್ಷಗಳ ಬೆಳವಣಿಗೆಗೆ ಒಂದು ಯೋಜನೆ ಬರೆಸಲು ಹೊರಟಿತು. ನಕ್ಷೆ ಮಾಡಲು ಬಂದವಳು ಪ್ರತಿಭಾ ಎಂಬ ಕೊಪ್ಪಳದ ಕಡೆಯ ಹುಡುಗಿ, ಬೈಯಪ್ಪನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ ಇಂಜಿನಿಯರು. ಗ್ರಾಮಸಭೆಯಲ್ಲಿ ಎಲ್ಲರ ಬೇಡಿಕೆಯೂ ಒಂದೇ: ಊರ ಬೀದಿಯನ್ನು ನಲವತ್ತು ಅಡಿ ಮಾಡಿ. ಬೀದಿ ಅಗಲವಾದಷ್ಟೂ ಮೇಲೆ ಮಹಡಿ ಏರಿಸಲು ಅಪ್ಪಣೆ ಸಿಗುತ್ತದೆ, ಮಹಡಿ ಏರಿದಷ್ಟೂ ಬಾಡಿಗೆ. ಅದಕ್ಕಾಗಿ ಎರಡೂ ಸಾಲಿನ ಜಗಲಿಗಳು ಹೋಗಬೇಕು, ಹೋಗಲಿ. ಎಲ್ಲರಿಗಿಂತ ಮುಂದಿದ್ದವನು ಪಿಳ್ಳಪ್ಪನವರ ಮಗ ಮುನಿರಾಜು. ಅವನ ಪಕ್ಕದಲ್ಲಿ ಕೂತು ಪಿಳ್ಳಪ್ಪನವರೂ ಹೂಂಗುಟ್ಟುತ್ತಿದ್ದರು, ಎಷ್ಟು ಕೇಳಿಸಿತ್ತೋ ದೇವರೇ ಬಲ್ಲ.

ಸಾಹೇಬರು ಭುಜ ಮುಂದೆ ಮಾಡಿಕೊಂಡು ಸಭೆಯ ನಡುವೆ ನುಗ್ಗಿದರು. "ಪೈಲೆ ಸುನೋ, ಆಮೇಲೆ ಬೈಯಿರಿ! ಕಾರಿಗೆ, ಲಾರಿಗೆ ಹಿಂದಿನ ಬಂಡಿದಾರಿ ಇದೆ. ಅದನ್ನ ಎಷ್ಟಾದ್ರೂ ಅಗಲ ಮಾಡಿ, ಹಿತ್ತಿಲ ಕಡೆಯಿಂದ ಮಹಡಿ ಏರ್ಸಿ. ಊರಿನ ಮುಖ ಮುಟ್ಟಬೇಡಿ."

"ಹಂಗಾರ ಬೀದಿ ಎಷ್ಟು ಅಗಲ ಇರಬೇಕ್ರಿ ಸಾಹೇಬ್ರ? ಫೂಟಿನ್ಯಾಗ ಹೇಳ್ರಿ, ಬರಕೋತೀನಿ" ಎಂದಳು ಪ್ರತಿಭಾ.

ಫೂಟು ಸಾಹೇಬರ ಮಾನವಲ್ಲ. ಬಾಗಿಲಿನ ಲೆಕ್ಕವೂ ಆ ಹೊತ್ತಿಗೆ ನಾಲಿಗೆಗೆ ಬರಲಿಲ್ಲ. "ಈ ಜಗಲಿ ಮೇಲೆ ಒಬ್ಬ, ಆ ಜಗಲಿ ಮೇಲೆ ಒಬ್ಬ. ಇಬ್ರೂ ದಿನಾ ಮಾತಾಡೋ ಹಾಗೆ ಮಾತಾಡಿದ್ರೆ ಇವನದು ಅವನಿಗೆ ಕೇಳಿಸ್ಬೇಕು. ಅಷ್ಟೇ ಅಗಲ. ಅದಕ್ಕಿಂತ ಜಾಸ್ತಿ ಆದ್ರೆ ಅದು ಬೀದಿ ಅಲ್ಲಮ್ಮಾ, ಹೈವೇ."

ಸಭೆ ತಲೆದೂಗಿತು. ಹೆಂಗಸರ ಕಡೆಯಿಂದ ಚಪ್ಪಾಳೆಯೂ ಬಿತ್ತು. ಆದರೆ ಮುನಿರಾಜು ಚುರುಕು. "ಸರಿ, ಒಪ್ದೆ! ನೀವೂ ನಮ್ಮಪ್ಪನೂ ದಿನಾ ಮಾತಾಡಂಗೆ ಮಾತಾಡಿ. ಈ ಭಾನ್ವಾರ ಇಸ್ಕೂಲ್ ಮೈದಾನದಾಗೆ ಎರಡು ಬೆಂಚ್ ಹಾಕುವ. ಮೊದ್ಲು ಈಗಿರೋ ಬೀದಿ ಅಗಲ, ಆಮೇಲೆ ಹಿಂದ್ ಹಿಂದಕ್ಕೆ ಸರ್ಸ್ತಾ ಹೋಗುವ. ನಲವತ್ತು ಅಡೀಲೂ ಕೇಳಿಸ್ತು ಅಂದ್ರೆ ನಲವತ್ತು ಅಡಿ ರೋಡು. ಏನಂತೀರಾ?" ಸಭೆ ಬಿದ್ದು ಬಿದ್ದು ನಕ್ಕಿತು. ಆ ಗಂಟಲಿನ ಲೆಕ್ಕದಲ್ಲಿ ವಿಮಾನ ಇಳಿಯುವಷ್ಟು ಅಗಲದ ರಸ್ತೆಯನ್ನೂ ಮಾಡಬಹುದಿತ್ತು. ಸಾಹೇಬರು ತಾವೇ ತೋಡಿದ ಗುಂಡಿಯಲ್ಲಿ ತಾವೇ ನಿಂತಿದ್ದರು.

"ಭಾನುವಾರ ಒಂದಿನ ಮೆಲ್ಲಗೆ ಮಾತಾಡಿ, ಗೆದ್ದುಬಿಡ್ತೀರಿ, ನಿಮ್ಮ ಗಂಟೇನು ಹೋಗುತ್ತೆ?" ಎಂದು ಫಹ್ಮಿದಾ ಗಂಡನಿಗೆ ಹೇಳಿದರಂತೆ. ಬೇಗಂಗೇನು ಗೊತ್ತು! ಮೆಲ್ಲಗೆ ಮಾತಾಡಿದರೆ ಮೊದಲ ಅಳತೆಯಲ್ಲೇ, ಸುತ್ತ ನಿಂತ ಮಕ್ಕಳು ಮರಿಗೆಲ್ಲ ಕೇಳಿಸಿದ ಮಾತು ಪಿಳ್ಳಪ್ಪನೊಬ್ಬನಿಗೆ ಕೇಳಿಸದೆ ಊರೆದುರು ಅವನ ಮಾನ ಹೋಗುತ್ತದೆ. ಎಂದಿನಂತೆ ಕೂಗಿದರೆ ಬೀದಿ ಹೋಗುತ್ತದೆ. ಆ ವಾರವೆಲ್ಲ ಸಾಹೇಬರು ಊಟ ಸರಿಯಾಗಿ ಮಾಡಲಿಲ್ಲ. ಎಮ್ಮೆಗೆ ದಾರಿ ಕೇಳುವುದನ್ನೂ ಮರೆತು ಒಮ್ಮೆ ಅದರ ಕೊಂಬಿಗೆ ಕೋಟು ಸಿಕ್ಕಿಸಿಕೊಂಡರು.

ಭಾನುವಾರ ಊರಿಗೆ ಊರೇ ಮೈದಾನದಲ್ಲಿತ್ತು. ಕಡಲೆಕಾಯಿಯ ಗಾಡಿಯೂ ಬಂದಿತ್ತು. ಪ್ರತಿಭಾ ಟೇಪು ಹಿಡಿದು ಬೆಂಚು ಹಾಕಿಸಿದಳು. ಪಿಳ್ಳಪ್ಪ ಒಗೆದ ಪಂಚೆಯುಟ್ಟು, ರುಮಾಲು ಸುತ್ತಿ, ವಧುಪರೀಕ್ಷೆಗೆ ಬಂದ ಹಿರಿಯರ ಗಾಂಭೀರ್ಯದಲ್ಲಿ ಕೂತರು. ಸಾಹೇಬರು ಎದುರಿಗೆ ಕೂತು ಗೆಳೆಯನ ಮುಖ ನೋಡಿದರು. ಆ ಮುಖದಲ್ಲಿ ಸಣ್ಣದೊಂದು ದಿಗಿಲು ಇತ್ತು, ಕಣ್ಣು ಸಾಹೇಬರ ತುಟಿಗಳ ಮೇಲೆಯೇ ನೆಟ್ಟಿತ್ತು. ಅಷ್ಟು ಸಾಕಾಯಿತು. ಸಾಹೇಬರು ಎದೆತುಂಬ ಉಸಿರೆಳೆದು, "ಪಿಳ್ಳಪ್ಪನೋರೇ! ಇವತ್ತು ಏನ್ ಸಾರು?" ಎಂದು ಶಾಲೆಯ ಹೆಂಚು ಹಾರುವಂತೆ ಕೂಗಿದರು.

"ಬಸ್ಸಾರು!" ಎಂದರು ಪಿಳ್ಳಪ್ಪ. ಜನ ಘೊಳ್ಳೆಂದರು. ಫಹ್ಮಿದಾ ಹಣೆ ಚಚ್ಚಿಕೊಂಡರು. ಬೆಂಚು ಹಿಂದೆ ಸರಿಯಿತು, ಸಾಹೇಬರು ಕೂಗಿದರು, ಪಿಳ್ಳಪ್ಪ ಬಸ್ಸಾರು ಎಂದರು. ಮತ್ತೆ ಸರಿಯಿತು, ಮತ್ತೆ ಬಸ್ಸಾರು. ಮುನಿರಾಜುವಿನ ಮುಖದಲ್ಲಿ ಮಹಡಿಯ ಮೇಲೆ ಮಹಡಿ ಏಳುತ್ತಿತ್ತು. ಕಡೆಗೆ ಪ್ರತಿಭಾ ನಲವತ್ತು ಅಡಿ ಎಂದು ಸುಣ್ಣದ ಗೆರೆ ಎಳೆದಳು. ಸಾಹೇಬರು ಎದ್ದು ನಿಂತು, ಕೋಟಿನ ಗುಂಡಿ ಬಿಚ್ಚಿ, ಎಲ್ಲವನ್ನೂ ಕಳೆದುಕೊಳ್ಳುವವರ ಉದಾರತೆಯಿಂದ ಇನ್ನೊಮ್ಮೆ ಕೂಗಿದರು. ಬೇವಿನ ಮರದ ಕಾಗೆಗಳು ಎದ್ದು ಹಾರಿದವು. ಕೆರೆ ಏರಿಯ ಮೇಲೆ ಹೋಗುತ್ತಿದ್ದ ಯಾರೋ, ಪ್ರಶ್ನೆ ತಮಗೇ ಎಂದುಕೊಂಡು, "ಸೊಪ್ಪಿನ್ ಸಾರು!" ಎಂದು ಉತ್ತರ ಕೊಟ್ಟರು.

ಪಿಳ್ಳಪ್ಪ ಮಗನ ಮುಖ ನೋಡಿದರು, ಗೆರೆ ನೋಡಿದರು, ಆಚೆ ತುದಿಯಲ್ಲಿ ಏದುಸಿರು ಬಿಡುತ್ತಿದ್ದ ಸಾಹೇಬರನ್ನು ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: "ಕೇಳಿಸ್ನಿಲ್ಲ."

"ಅಪ್ಪೋ! ಕೆರೆ ಏರಿ ಮೇಲಿರೋರ್ಗೆ ಕೇಳಿಸ್ತಲ್ಲ!" ಮುನಿರಾಜು ಅಪ್ಪನ ಕಿವಿಯ ಬಳಿ ಬಂದು ಕಿರುಚಿದ.

"ಏರಿ ಮೇಲಿರೋರ್ಗೆ ಕಿವಿ ಐತೆ ಕಣ್ಲಾ, ನಂಗಿಲ್ಲ. ವರ್ಸಗಳೇ ಆಯ್ತು. ಈ ಸಾಬ್ರಿಗೆ ಅದು ಗೊತ್ತೈತೆ, ಅದುಕ್ಕೇ ಹಿಂಗೆ ಬಡ್ಕೊಂತಾರೆ. ನೀವೆಲ್ಲ ಅವ್ರನ್ನ ಆಡ್ಕೊಂಡು ನಗ್ತೀರ." ರುಮಾಲು ತೆಗೆದು ಮಂಡಿಯ ಮೇಲಿಟ್ಟರು. "ನಾಕು ಅಂತಸ್ತು ಕಟ್ಟಿ ನನ್ನ ತಾರ್ಸಿ ಮೇಲೆ ಕುಂಡರ್ಸ್ತೀಯ. ಅಲ್ಲಿ ನನ್ನ ಏನ್ ಸಾರು ಅಂತ ಕೇಳೋರ್ಯಾರ್ಲಾ?"

ಪ್ರತಿಭಾ ಮುಖ ಆಚೆ ತಿರುಗಿಸಿಕೊಂಡು ಟೇಪು ಸುತ್ತಿದಳು. ನಾಲ್ಕು ದಿನ ಮುಖ ಊದಿಸಿಕೊಂಡಿದ್ದ ಮುನಿರಾಜು, ಐದನೆಯ ದಿನ ತಾನೇ ಹೋಗಿ ಹಿಂದಿನ ಬಂಡಿದಾರಿಗೆ ಅಳತೆ ಹಿಡಿಸಿದ. ಈಗ ಯೋಜನೆಯಲ್ಲಿ ಆ ದಾರಿ ಮೂವತ್ತು ಅಡಿ, ಮಹಡಿಗಳೆಲ್ಲ ಆ ಕಡೆಗೆ; ಊರ ಬೀದಿ ಇದ್ದಷ್ಟೇ, ಜಗಲಿಗಳು ಇದ್ದಲ್ಲೇ. ಇನ್ನು ಪಿಳ್ಳಪ್ಪನವರ ಜಗಲಿಯ ಮುಂದೆ ಯಾರೂ ನ್ಯಾಯ ಕೇಳಲು ನಿಲ್ಲಲಾರರೆಂಬ ಭಯ ಸುಳ್ಳಾಯಿತು. ಕೂಗಿ ಹೇಳಬೇಕಾದ್ದರಿಂದ, ನಾಚಿಕೆಗೆಟ್ಟ ಸುಳ್ಳು ವ್ಯಾಜ್ಯಗಳು ಮಾತ್ರ ಬರುವುದು ನಿಂತಿತು.

ಮುನಿರಾಜು ಅಪ್ಪನಿಗೆ ಕಿವಿಗೆ ಹಾಕುವ ಮಿಷನ್ನನ್ನೂ ತಂದುಕೊಟ್ಟಿದ್ದಾನೆ. ಹಗಲೆಲ್ಲ ಅದನ್ನು ಧರಿಸುವ ಪಿಳ್ಳಪ್ಪ, ಹೊತ್ತಿಳಿದು ಜಗಲಿಗೆ ಬಂದೊಡನೆ ತೆಗೆದು ಅಂಗಿಯ ಜೇಬಿಗೆ ಹಾಕುತ್ತಾರೆ. ಅದಿದ್ದರೆ ಸಾಹೇಬರ ಗಂಟಲನ್ನು ತಡೆಯಲಾಗುವುದಿಲ್ಲವಂತೆ. ಸಾಹೇಬರಿಗೋ ಇನ್ನು ದನಿ ಇಳಿಸಲು ಬಾರದು. "ನಿಜ ಹೇಳಿ, ಅವತ್ತು ನಲವತ್ತು ಅಡೀಲಿ ಕೇಳಿಸಿತ್ತು ತಾನೇ?" ಎಂದು ಅವರು ಒಮ್ಮೆ ಕೇಳಿದರು. ಕೇಳಿಸಿತ್ತು ಎಂಬುದರಲ್ಲಿ ನಮಗ್ಯಾರಿಗೂ ಸಂಶಯವಿಲ್ಲ, ಕಾಗೆಗಳೇ ಸಾಕ್ಷಿ. ಪಿಳ್ಳಪ್ಪ ಕಿವಿಗೆ ಕೈಯಿಟ್ಟು "ಆಂ?" ಎಂದರು.

ಊರನ್ನು ಉಳಿಸುವ ಮಾತಾಡುವವರು ಬಹಳ ಜನ, ಕಲ್ಲು, ಕಂಬ, ಕೆರೆಗಳ ಹೆಸರು ಹೇಳುವವರು. ಇನಾಯತ್ ಉಲ್ಲಾರಂಥವರು ಅಪರೂಪ. ಬಾಳೆಲ್ಲ ಕೆಡವಿದ ಮನೆಗಳ ಬಾಗಿಲು ಹೊತ್ತ ಅವರಿಗೆ, ಮರವನ್ನು ಉಳಿಸಬಹುದು, ಅದರ ಹೊಸ್ತಿಲಲ್ಲಿ ನಿಂತು ಆಡಿದ ಮಾತನ್ನು ಲಾರಿಗೆ ಹೇರಲಾಗದು ಎಂಬುದು ತಿಳಿದಿರುತ್ತದೆ. ಅಂಥವರು ತಡವಾಗಿ ಬರುತ್ತಾರೆ, ಹೊರಗಿನವರೆನಿಸಿಕೊಳ್ಳುತ್ತಾರೆ, ನಮ್ಮ ನಗೆಗೆ ಗುರಿಯಾಗುತ್ತಾರೆ. ಒಂದು ಊರು ಎಷ್ಟು ಅಗಲವಿರಬೇಕೆಂದು ಕೇಳಿದರೆ, ನನ್ನ ಗೆಳೆಯನಿಗೆ ನನ್ನ ದನಿ ಮುಟ್ಟುವಷ್ಟು ಎಂದುಬಿಡುತ್ತಾರೆ.