ಮೇಷ್ಟ್ರ ಅಂಟು

ಸಾವಿನ ಮನೆಯ ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದ ಮ್ಯೂಸಿಯಮ್ಮಿನ ಬಡಗಿ ತಲೆಯೆತ್ತಿ ನೋಡುವಷ್ಟರಲ್ಲಿ ಅವಳು ಎರಡನೆಯ ಸಲ ಗೇಟಿನಿಂದಲೇ ವಾಪಸು ಹೊರಟಿದ್ದಳು.

"ಎಲ್ಲಿಗಮ್ಮಾ ಹೊರಟಿರಿ? ಮಣ್ಣಿಗೆ ಬಂದವರು ಮುಖ ನೋಡದೆ ಹೋಗ್ತಾರಾ?" ಎಂದು ಗದರಿಸಿ ಅವಳ ಕೈಗೆ ಎರಡು ಕುರ್ಚಿ ಕೊಟ್ಟ. ಕೈಗೆ ಕೆಲಸ ಕೊಟ್ಟರೆ ಕಾಲು ಓಡಿಹೋಗುವುದಿಲ್ಲ ಎಂಬುದು ಅವನ ಲೆಕ್ಕ.

ಒಳಗೆ ಮಲಗಿದ್ದವರು ಅವಳ ಮೇಷ್ಟ್ರು. ನಲವತ್ತು ವರ್ಷ ಡೈನೋಸಾರ್ ಮೂಳೆಗಳನ್ನು ಅಗೆದು, ಉಜ್ಜಿ, ಜೋಡಿಸಿದವರು. ಎಂಟು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಅವರು ಕೈಯಾರೆ ನಿಲ್ಲಿಸಿದ್ದ ಜೋಡಿ ಅಸ್ಥಿಪಂಜರವನ್ನು ಬೇರೆ ಭಂಗಿಯಲ್ಲಿ ನಿಲ್ಲಿಸಲು ಸೋಮವಾರ ಅವಳು ಬಿಚ್ಚಬೇಕಿತ್ತು. ಕೀಲುಗಳಿಗೆ ಸಿಮೆಂಟು ಹಾಕಿದೆ ಎಂದು ಹಳೆಯ ಕಡತ ಹೇಳುತ್ತಿತ್ತು. ಗರಗಸದಲ್ಲಿ ಕೊಯ್ಯಿರಿ ಎಂದು ನಿರ್ದೇಶಕರ ಅಪ್ಪಣೆ. ಕೊಯ್ದರೆ ಚಿಕ್ಕದರ ಎಳೆ ಮೂಳೆಗಳು ಪುಡಿಯಾಗುವುದು ಖಂಡಿತ. ನಿಜವಾಗಿ ಏನು ಹಾಕಿ ಅಂಟಿಸಿದ್ದೀರಿ ಎಂದು ಒಂದು ಫೋನ್ ಮಾಡಿ ಕೇಳಬಹುದಿತ್ತು. ಇವತ್ತು ನಾಳೆ ಎನ್ನುತ್ತ ಕಾಲ ತಳ್ಳಿದಳು. ಈಗ ಕೇಳೋಣವೆಂದರೆ ಅವರೇ ಇಲ್ಲ.

"ಗರಗಸ ಬಂತಾ?" ಒಳಗಿಂದ ಮೇಷ್ಟ್ರ ಹೆಂಡತಿಯ ದನಿ.

ಮೂಳೆ ಕೊಯ್ದು ನೋಡುವ ಅವಳಿಗೆ ಆ ಅಡ್ಡಹೆಸರು ಇಟ್ಟದ್ದು ಮೇಷ್ಟ್ರೇ. ಕುರ್ಚಿ ಹಿಡಿದುಕೊಂಡೇ ಅವಳು ಅತ್ತುಬಿಟ್ಟಳು.

*

ಮ್ಯೂಸಿಯಮ್ಮಿನ ದೊಡ್ಡ ಕೋಣೆಯಲ್ಲಿ, ದೊಡ್ಡ ಪ್ರಾಣಿ ಚಿಕ್ಕದನ್ನು ಅಟ್ಟಿಸಿಕೊಂಡು ಹೋಗುವ ಹಾಗೆ ಮೇಷ್ಟ್ರು ಅವೆರಡನ್ನೂ ನಿಲ್ಲಿಸಿದ್ದರು. ಚಿಕ್ಕದು ಓಡುತ್ತಲೇ ಹೆದರಿ ಹಿಂತಿರುಗಿ ನೋಡುತ್ತಿತ್ತು. ಅದು ಬೇರೆಯೇ ಜಾತಿ ಎಂದು ಹೇಳಿ ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. ಜೀವಮಾನದಲ್ಲಿ ಅವರು ಹೆಸರಿಟ್ಟ ಪ್ರಾಣಿ ಅದೊಂದೇ.

ಎಂಟು ವರ್ಷದ ಹಿಂದೆ ಅವಳು ಅದರ ತೊಡೆಮೂಳೆಯಿಂದ ತೆಳ್ಳನೆಯ ಬಿಲ್ಲೆಯೊಂದನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮರದ ಕಾಂಡದಲ್ಲಿರುವಂತೆ ಆ ಮೂಳೆಯಲ್ಲೂ ವರ್ಷಕ್ಕೊಂದು ಉಂಗುರ. ಇದರಲ್ಲಿದ್ದದ್ದು ಎರಡೇ. ಅದು ಬೇರೆ ಜಾತಿಯಲ್ಲ, ದೊಡ್ಡದರದ್ದೇ ಮರಿ.

ತುಂಬಿದ ಸಭೆಯಲ್ಲಿ ಅವಳು ಇದನ್ನು ಹೇಳಿ ಮುಗಿಸಿದಾಗ, ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ಎದ್ದು ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಅವತ್ತಿನಿಂದ ಅವಳು ಅವರ ಬೀದಿಯನ್ನೇ ತಪ್ಪಿಸಿ ಓಡಾಡಿದಳು.

*

ಎಲ್ಲ ಮುಗಿಸಿ ವ್ಯಾನಿನಲ್ಲಿ ಬರುವಾಗ ಮೇಷ್ಟ್ರ ತಮ್ಮ ಕಣ್ಣೊರೆಸಿಕೊಂಡ. "ನಮ್ಮಣ್ಣ ಮಣ್ಣಿಂದ ಎಷ್ಟೆಲ್ಲ ಎತ್ತಿದ. ಅವನನ್ನ ಇಳಿಸಿ ಬಂದೆವಲ್ಲ." ಆಮೇಲೆ ಅವಳ ಕಡೆ ತಿರುಗಿದ. "ಬೇಜಾರು ಮಾಡ್ಕೋಬೇಡಿ. ಅದು ಬೇಟೆಯೋ ಮರಿಯೋ, ಸತ್ತು ಕೋಟ್ಯಂತರ ವರ್ಷ ಆಯ್ತು. ತಿಳಿದು ಯಾರಿಗೇನಾಗಬೇಕಿತ್ತು? ಅವನ ಹೆಸರೊಂದು ಉಳೀತಿತ್ತು."

ಅವಳು ಸುಮ್ಮನಿರಬೇಕೆಂದುಕೊಂಡಿದ್ದಳು. ಆಗಲಿಲ್ಲ.

"ಮೂವತ್ತೈದು ವರ್ಷ ಸ್ಕೂಲು ಮಕ್ಕಳು ಆ ಕೋಣೆಗೆ ಬಂದು, ದೊಡ್ಡದು ಚಿಕ್ಕದನ್ನ ತಿನ್ನುತ್ತೆ ಅಂತ ಕಲಿತು ಹೋದರು. ಎರಡೂ ಒಟ್ಟಿಗೆ ನೆರೆಗೆ ಸಿಕ್ಕಿ ಸತ್ತಿದ್ದವು. ದೊಡ್ಡದು ಅಪ್ಪನೋ ಅಮ್ಮನೋ ನಂಗೊತ್ತಿಲ್ಲ. ಆದರೆ ಅಟ್ಟಿಸಿಕೊಂಡು ಬಂದಿರಲಿಲ್ಲ. ಗೊತ್ತಾದಮೇಲೂ ಸುಳ್ಳು ಹೇಳಬಾರದು ಅಂತ ಕಲಿಸಿದ್ದೇ ಮೇಷ್ಟ್ರು."

ಮೇಷ್ಟ್ರ ಹೆಂಡತಿ ಅವಳ ಕೈ ಹಿಡಿದುಕೊಂಡರು. "ಒಂದು ತಿಂಗಳು ಮುಖ ಊದಿಸ್ಕೊಂಡಿದ್ರು, ಇಲ್ಲ ಅಂತ ಯಾಕೆ ಹೇಳಲಿ. ಆಮೇಲೊಂದಿನ ಊಟಕ್ಕೆ ಕೂತಾಗ, 'ಮರಿ ಕಣೇ ಅದು! ನನ್ನ ಕಣ್ಣಿಗೇನಾಗಿತ್ತು?' ಅಂತ ನಕ್ಕುಬಿಟ್ರು. ನೀನಾಗೇ ಬರಲಿ ಅಂತ ಅವರು, ಅವರಾಗೇ ಕರೀಲಿ ಅಂತ ನೀನು. ಗುರುವಿಗೆ ತಕ್ಕ ಶಿಷ್ಯೆ."

"ಯಾವ ಸಿಮೆಂಟು ಹಾಕಿದ್ರಿ ಅಂತ ಕೇಳಬೇಕಿತ್ತಮ್ಮ," ಎಂದಳು ಅವಳು. "ಸೋಮವಾರ ಕೊಯ್ಯಬೇಕು. ಮರಿ ಉಳಿಯಲ್ಲ."

"ಸಿಮೆಂಟಾ? ಮೇಲಿನವರು ಹಾಕು ಅಂದಿದ್ರು, ಇವರು ಕೇಳಬೇಕಲ್ಲ! ನಾವು ಮದುವೆಯಾದ ವರ್ಷ ಅದು. ನನ್ನ ಉಗುರುಬಣ್ಣ ಅಳಿಸೋ ಬಾಟಲಿ ವಾರವಾರಕ್ಕೂ ಖಾಲಿ. ಅದರಲ್ಲಿ ಏನೋ ಹರಳು ಕರಗಿಸಿ, ಸಿಮೆಂಟಿನ ಹಾಗೆ ಕಾಣಲಿ ಅಂತ ಕಲ್ಲುಪುಡಿ ಬೆರೆಸ್ತಿದ್ರು. ಯಾಕ್ರೀ ಈ ಕಳ್ಳಾಟ ಅಂದ್ರೆ, 'ನಾಳೆ ನನಗಿಂತ ಜಾಣರು ಬರ್ತಾರೆ, ಅವರಿಗೆ ಬಿಚ್ಚೋಕೆ ಬರಬೇಕು' ಅಂದ್ರು."

ಅವಳು ಥಟ್ಟನೆ ನೆಟ್ಟಗೆ ಕೂತಳು. "ಹಾಗಿದ್ರೆ ಅದರಲ್ಲೇ ಮತ್ತೆ ಕರಗುತ್ತೆ."

ಮೇಷ್ಟ್ರ ಹೆಂಡತಿ ವ್ಯಾನು ಓಡಿಸುತ್ತಿದ್ದ ಬಡಗಿಯ ಕಡೆ ತಿರುಗಿದರು. "ಏನಪ್ಪಾ, ಮ್ಯೂಸಿಯಮ್ಮಿನ ಬೀಗದಕೈ ಇದೆಯಾ?"

"ಅತ್ತಿಗೆ, ಇವತ್ತಾ? ಜನ ಏನಂತಾರೆ?" ಎಂದ ಮೇಷ್ಟ್ರ ತಮ್ಮ.

"ಜನ ನಮ್ಮನೇಲಿ ಊಟ ಮಾಡ್ತಿರ್ತಾರೆ. ನಡಿ."

*

ಅವಳು ಮ್ಯೂಸಿಯಮ್ಮಿನ ತನ್ನ ಕೆಲಸದ ಕೋಣೆಯಿಂದ ಅದೇ ದ್ರಾವಕ ತಂದು, ಹತ್ತಿಯನ್ನು ಅದರಲ್ಲಿ ಅದ್ದಿ ಮರಿಯ ಕುತ್ತಿಗೆಗೆ ಸುತ್ತಿದಳು. ಉಗುರುಬಣ್ಣದ ವಾಸನೆ ಹಬ್ಬಿತು. ಕಾಲು ಗಂಟೆಯಾಯಿತು, ಅಲುಗಲಿಲ್ಲ. ಹತ್ತಿ ಬದಲಾಯಿಸಿದಳು. ಮೇಷ್ಟ್ರ ತಮ್ಮ ಗಡಿಯಾರ ನೋಡಿಕೊಂಡ. ಬಡಗಿ, "ನಾನು ಕೆಲಸಕ್ಕೆ ಸೇರೋ ಹೊತ್ತಿಗೆ ಇದು ನಿಂತಾಗಿತ್ತು. ಸಿಮೆಂಟೇ ಇರಬೇಕಮ್ಮಾ," ಎಂದ. ಅವಳು ಮೂರನೆಯ ಹತ್ತಿ ಸುತ್ತಿದಳು.

ಅಂಚಿನಿಂದ ಬೂದುಬಣ್ಣದ ಹನಿಯೊಂದು ಮೂಡಿ ಜಾರಿತು. ಅದರ ಹಿಂದೆ ಇನ್ನೊಂದು.

"ಅಮ್ಮ, ಕೆಳಗೆ ಕೈ ಹಿಡೀರಿ," ಎಂದಳು.

ಎಲ್ಲೂ ಚೂರಾಗದೆ ತಲೆ ಅವರ ಅಂಗೈಗಳಿಗೆ ಇಳಿಯಿತು. ಅಲ್ಲೇ ಪೀಠದ ಮೆಟ್ಟಿಲ ಮೇಲೆ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡ ಅವರು, ಮೂವತ್ತೈದು ವರ್ಷ ಹೆದರಿ ಹಿಂತಿರುಗಿ ನೋಡುತ್ತಿದ್ದ ಆ ಮುಖವನ್ನು ನಿಧಾನವಾಗಿ ದೊಡ್ಡದರ ಕಡೆಗೆ ತಿರುಗಿಸಿದರು.